ಅಮಾವಾಸ್ಯೆಯ ಕಾಯಿ

ಕೊಟ್ಟಿದ್ದೇನೆ, ಎಂದುಕೊಂಡ ಕಲ್ಮೇಶ, ಬೆಳಿಗ್ಗೆ ಬಚ್ಚಲ ಮುಂದೆ ನಿಂತು ಹಲ್ಲುಜ್ಜುತ್ತ. ಬಾಯಿ ತುಂಬ ನೊರೆ ಇದ್ದದ್ದರಿಂದ ಮಾತು ಹೊರಗೆ ಬರಲಿಲ್ಲ. ಬಂದಿದ್ದರೂ ಕೇಳುವವರು ಯಾರೂ ಇರಲಿಲ್ಲ. ಹಿತ್ತಲ ಗೋಡೆಯಾಚೆ ಮನೆಯ ಮಾಲೀಕ ಹೊಳಬಸಪ್ಪನ ಮಗ್ಗಗಳು ಆಗಲೇ ಖಟಪಟ ಶುರು ಮಾಡಿದ್ದವು. ಬನಹಟ್ಟಿಯಲ್ಲಿ ಹುಟ್ಟಿದವನಿಗೆ ಆ ಸದ್ದು ಕೇಳಿಸುವುದೇ ಇಲ್ಲ, ನಿಂತಾಗ ಮಾತ್ರ ಕೇಳಿಸುತ್ತದೆ. ಆದರೆ ಎಂಟು ದಿನದಿಂದ ಕಲ್ಮೇಶನಿಗೆ ಅದು ಕೇಳಿಸುತ್ತಿತ್ತು, ಮತ್ತು ಅದು ತನ್ನ ಬಗ್ಗೆಯೇ ಏನೋ ಆಡಿಕೊಳ್ಳುತ್ತಿದೆ ಅನ್ನಿಸುತ್ತಿತ್ತು. ಎಂಟು ದಿನದ ಹಿಂದೆ ಹೊಳಬಸಪ್ಪನ ಮಗ ಅಜಯ ಬಾಗಿಲಲ್ಲೇ ನಿಂತು, ಚಪ್ಪಲಿ ಸಹ ಬಿಡದೆ, ಎರಡು ವರ್ಷದಿಂದ ಬಾಡಿಗೆ ಬಂದಿಲ್ಲವೆಂದು ಅಪ್ಪ ಹೇಳುತ್ತಿದ್ದಾನೆ, ಡಿಪಾಜಿಟ್ಟಿನಲ್ಲಿ ಅದನ್ನು ಮುರಿದುಕೊಳ್ಳುತ್ತೇವೆ, ಉಳಿದದ್ದನ್ನು ಕಟ್ಟಿ ತಿಂಗಳೊಪ್ಪತ್ತಿನಲ್ಲಿ ಮನೆ ಖಾಲಿ ಮಾಡಿ ಎಂದು ಹೇಳಿ ಹೋಗಿದ್ದ. ಒಳಗೆ ಮಗಳು ಪ್ರೀತಿ ಹತ್ತನೇ ಇಯತ್ತೆಯ ಗಣಿತ ಬಿಡಿಸುತ್ತ ಕೂತಿದ್ದಳು. ಅವಳ ಪೆನ್ನು ನಿಂತದ್ದು ಕಲ್ಮೇಶನಿಗೆ ಕಂಡಿತ್ತು. ಕೊಟ್ಟಿದ್ದೇನಲ್ಲ, ತಿಂಗಳಿಗೊಮ್ಮೆ ತಪ್ಪದೆ ಕೊಟ್ಟಿದ್ದೇನಲ್ಲ ಎಂದು ಆಗ ಬಾಯಿಬಿಟ್ಟು ಹೇಳಬೇಕಿತ್ತು. ಅವನು ಹೇಳಿದ್ದು, "ಬರ್ರಿ ಒಳಗ, ಚಾ ಕುಡದ ಹೋಗ್ರಿ" ಎಂದು.

ಇವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊಳಬಸಪ್ಪನ ಕಟ್ಟೆಯ ಮೇಲೆ ಮಾತುಕತೆ. ಓಣಿಯ ಹಿರಿಯ ಲಗಮಣ್ಣ ಬರುವವನಿದ್ದ. ಸೀರೆ ವ್ಯಾಪಾರವನ್ನು ಮಕ್ಕಳಿಗೆ ಒಪ್ಪಿಸಿದ ಮೇಲೆ ಊರವರ ಜಗಳ ಬಿಡಿಸುವುದೇ ಅವನ ಉದ್ಯೋಗವಾಗಿತ್ತು.

"ಸಂಜೀಕ ನಾನೂ ಬರತೀನಿ," ಅಂದಳು ಹೆಂಡತಿ ಸುವರ್ಣಾ, ಚಹದ ಕಪ್ಪು ಕೈಗಿಡುತ್ತ.

"ನೀ ಯಾಕ? ಗಂಡಸರು ಕುಂತಿರತಾರ ಅಲ್ಲೆ."

"ನಿಮಗ ಮನಿ ಅಂದ್ರ ರಾತ್ರಿ ಮಲಗಾಕ ಬೇಕು ಅಷ್ಟ. ದಿನಪೂರ್ತಿ ಇರಾಕಿ ನಾ. ನೀವು ಅಲ್ಲೆ ಹೋಗಿ ಮತ್ತ ಅವರಿಗೇ ಚಾ ಕುಡೀರಿ ಅಂದ್ರ ಏನ್ ಮಾಡೂದು?"

ಅವನು ಚಹ ಕುಡಿದ. ಹೆಂಡತಿಯ ಮಾತು ಸರಿಯಾದ ಜಾಗಕ್ಕೇ ಚುಚ್ಚಿತ್ತು.

ಸ್ಕೂಟರು ಹತ್ತಿ ಪತ್ತಿನ ಸಂಘದ ಕಡೆ ಹೊರಟಾಗ, ನೂಲಿನ ಗಂಟು ಹೇರಿದ ಆಟೋ ಒಂದು ಮುಂದೆ ಮುಂದೆ ಹೋಗುತ್ತಿತ್ತು, ದಾರಿ ಬಿಡುತ್ತಿರಲಿಲ್ಲ. ಕಲ್ಮೇಶ ಹಾರ್ನ್ ಹೊಡೆಯಲಿಲ್ಲ. ಹಾರ್ನ್ ಹೊಡೆದರೆ ಡ್ರೈವರು ತಿರುಗಿ ನೋಡುತ್ತಾನೆ, ನೋಡಿದರೆ ಏನೋ ಅನ್ನುತ್ತಾನೆ. ಇದೇ ಅಲ್ಲವೇ ತನ್ನ ಹಣೆಬರಹ ಎಂದುಕೊಂಡ. ದಿನವಿಡೀ ಸಂಘದ ಕಿಟಕಿಯಲ್ಲಿ ಕೂತು ಊರಿಗೆಲ್ಲ ಪಾವತಿ ಚೀಟಿ ಹರಿದು ಕೊಡುವ ಕ್ಯಾಶಿಯರ್ ತಾನು. ಐವತ್ತು ರೂಪಾಯಿ ಕಟ್ಟಿದವನಿಗೂ ಪಾವತಿ, ಮುದ್ರೆ, ಸಹಿ. ತನ್ನ ಮನೆಯ ಬಾಡಿಗೆಗೆ ಮಾತ್ರ ಒಂದು ಚೂರು ಕಾಗದವಿಲ್ಲ. ಕೇಳಿರಲಿಲ್ಲವೆಂದಲ್ಲ. ಮನೆಗೆ ಬಂದ ಮೊದಲನೇ ತಿಂಗಳು, ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದಾಗ, "ಕಾಕಾರ, ಒಂದ್ ಪಾವತಿ ಬರದ ಕೊಟ್ರ..." ಎಂದು ಶುರು ಮಾಡಿದ್ದ. ಹೊಳಬಸಪ್ಪ ಓಣಿಯೆಲ್ಲ ಕೇಳುವಂತೆ ನಕ್ಕಿದ್ದ. "ನಿಮ್ಮಪ್ಪ ನಾನು ಒಂದ ತಾಟಿನ್ಯಾಗ ಉಂಡ ಬೆಳದಾವ್ರು. ಅವನ ಮಗಗ ನಾ ಚೀಟಿ ಬರದ ಕೊಡ್ಲೇನು? ನಾಳೆ ನಮ್ಮನಿ ನೀರ ಕುಡದ್ರೂ ಪಾವತಿ ಕೇಳಾವ ನೀ!" ನಾಲ್ವರೂ ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ಕಲ್ಮೇಶನೇ ನಕ್ಕಿದ್ದ, ಕಿವಿ ಸುಡುತ್ತಿದ್ದರೂ. ಆಮೇಲೆ ಒಮ್ಮೆ ಫೋನಿನಲ್ಲೇ ಹಾಕಿಬಿಡುತ್ತೇನೆ ಎಂದಾಗ, "ಫೋನ್‌ನ್ಯಾಗಿನ ರೊಕ್ಕ ತಾಟಿನ್ಯಾಗ ಇಡಾಕ ಬರತೈತೇನು?" ಎಂದು ಆ ಮಾತನ್ನೂ ಮುಗಿಸಿದ್ದ.

ತಾಟಿನ ಮಾತು ಬಂದರೆ ಕಲ್ಮೇಶನಿಗೆ ಈಗಲೂ ಮೈ ಮುದುಡುತ್ತದೆ. ಅಮಾವಾಸ್ಯೆಗೆ ಊರಿನ ಮಗ್ಗಗಳೆಲ್ಲ ನಿಲ್ಲುತ್ತವೆ, ಹೊಳಬಸಪ್ಪನವೂ. ಅವತ್ತು ಮಗ್ಗಗಳನ್ನು ಒರೆಸಿ, ವಿಭೂತಿ ಬಳಿದು, ಹೂ ಏರಿಸಿ, ಕಾಯಿ ಒಡೆಯುತ್ತಾರೆ. ಆ ಮನೆಯಲ್ಲಿ ಬಾಡಿಗೆಯನ್ನು ಕೈಗೆ ತೆಗೆದುಕೊಳ್ಳುವ ಪದ್ಧತಿ ಇಲ್ಲ. ಮಗ್ಗದ ಮುಂದಿನ ಹಿತ್ತಾಳೆಯ ತಾಟಿನಲ್ಲಿ ಇಡಬೇಕು. ಹೊಳಬಸಪ್ಪನ ಹೆಂಡತಿ ಪದ್ಮವ್ವ ಆ ತಾಟನ್ನು ಒಳಗೆ ಒಯ್ದು ಮರಳಿ ಬರುವಾಗ ಅದರಲ್ಲಿ ಒಡೆದ ಕಾಯಿಯ ಅರ್ಧ ಹೋಳು ಇರುತ್ತಿತ್ತು. ದುಡ್ಡು ಇಟ್ಟವರು ಬರಿಗೈಲಿ ಹೋಗಬಾರದಂತೆ. ಆ ಹೋಳು ಹಿಡಿದು ಓಣಿಯಲ್ಲಿ ಸುತ್ತು ಹಾಕಿ ಮನೆಯವರೆಗೆ ನಡೆದು ಬರುವುದಿತ್ತಲ್ಲ, ಅದು ಅವನಿಗೆ ಆಗಿಬರುತ್ತಿರಲಿಲ್ಲ. ತನ್ನದೇ ದುಡ್ಡು ಕೊಟ್ಟು ಭಿಕ್ಷೆ ಹಿಡಿದುಕೊಂಡು ಬಂದ ಹಾಗೆ. ಮೊದಲ ಸಲ ಕಟ್ಟೆಯ ಮೇಲಿನವರು "ಆತೇನೋ, ಬಾಡಗಿ ಕಾಯಿ ಬಂತೇನು?" ಎಂದು ಕೇಳಿದ್ದರು. ಅದಕ್ಕೇ ಅವನು ಪ್ಯಾಂಟಿನ ಕಿಸೆಯಲ್ಲಿ ಹಳೆಯ ಪೇಪರಿನ ಹಾಳೆ ಮಡಚಿ ಒಯ್ಯುತ್ತಿದ್ದ. ಬಾಗಿಲು ದಾಟುತ್ತಲೇ ಕಾಯಿಯನ್ನು ಅದರಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಏನೂ ಇಲ್ಲದವನಂತೆ ಬರುತ್ತಿದ್ದ. ಸುವರ್ಣಾ ಅದನ್ನು ತುರಿದು ಚಟ್ನಿ ಮಾಡುವಳು. ಅವನು ಮಾತ್ರ ಅವತ್ತು ರೊಟ್ಟಿಗೆ ಮೊಸರು ಕೇಳುತ್ತಿದ್ದ.

ಸಂಘದ ಕಿಟಕಿಯ ಬಾಗಿಲು ತೆಗೆಯುತ್ತಲೇ ಮುತ್ತವ್ವ ಎಂಬ ಮುದುಕಿ ನಿಂತಿದ್ದಳು. ಎರಡನೇ ಸಲ ಬಂದಿದ್ದಳು. ಸಾಲದ ಒಂದು ಕಂತು ಕಟ್ಟಿಲ್ಲವೆಂದು ಅವಳಿಗೆ ನೋಟೀಸು ಹೋಗಿತ್ತು.

"ಕಟ್ಟೀನೋ ತಮ್ಮಾ. ಇದ ಕಿಟಕ್ಯಾಗ, ನಿನ್ನ ಕೈಯಾಗ ಕೊಟ್ಟೀನಿ."

"ಪಾವತಿ ಎಲ್ಲೈತಿ?"

"ತೊಯ್ದು ಹಿಟ್ಟಾತು. ಅವತ್ತ ಜೋರ ಮಳಿ ಬರಾಕತ್ತಿತ್ತು. ಛತ್ರಿ ಒಳಗ ತಂದ್ನಿ ಅಂತ ನೀ ನನಗ ಬೈದಿ, ನೆಪ್ಪೈತೋ ಇಲ್ಲೋ?"

"ಅದೆಲ್ಲ ಏನ್ ಮಾಡೂದೈತೆವ್ವಾ. ಪಾವತಿ ಇಲ್ಲಂದ್ರ ಕಟ್ಟಿಲ್ಲಂತನ ಲೆಕ್ಕ."

ವರ್ಷಾನುಗಟ್ಟಲೆ ಹೇಳಿ ಹೇಳಿ ಸವೆದ ಮಾತು, ಯೋಚಿಸದೆಯೇ ಬಾಯಿಂದ ಹೊರಟಿತ್ತು. ಹೊರಟ ಮೇಲೆ ಕಲ್ಮೇಶನಿಗೆ ಅದು ಅಜಯನ ದನಿಯಲ್ಲಿ ಕೇಳಿಸಿತು. ಮುದುಕಿ ಸಿಟ್ಟಾಗಲಿಲ್ಲ. ಕಿಟಕಿಯ ಸರಳು ಹಿಡಿದ ಕೈ ಬಿಟ್ಟು, ಅಲ್ಲೇ ಗೋಡೆಗೆ ಒರಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ನಾಳೆ ಬಾ, ನೋಡೋಣ ಎಂದ. ನಾಳೆ ಅನ್ನುವುದು ಕಿಟಕಿಯ ಒಳಗಿನವರಿಗೆ ಎಷ್ಟು ಸುಲಭ! ಅವಳು ಹೋದ ಮೇಲೆ ಮೊದಲನೇ ನೋಟಿನ ಕಟ್ಟನ್ನು ಎರಡು ಸಲ ಎಣಿಸಿ ಎರಡು ಸಲವೂ ತಪ್ಪಿದ.

ಮಧ್ಯಾಹ್ನ ರೊಟ್ಟಿ ಬಿಚ್ಚಿದಾಗ ಅದಕ್ಕಿಂತ ಕೆಟ್ಟದ್ದು ಶುರುವಾಯಿತು. ಖರೆ ಕೊಟ್ಟಿದ್ದೇನೆಯೇ? ಕಳೆದ ಅಮಾವಾಸ್ಯೆಯನ್ನು ನೆನಪಿಸಿಕೊಳ್ಳಲು ನೋಡಿದ: ತಾಟು, ವಿಭೂತಿ ಬಳಿದ ಮಗ್ಗ, ಎಣ್ಣೆಯ ವಾಸನೆ, ಪದ್ಮವ್ವನ ಬಳೆಯ ಸದ್ದು. ಅದರ ಹಿಂದಿನದ್ದು: ಅದೇ ತಾಟು, ಅದೇ ಎಣ್ಣೆ, ಅದೇ ಬಳೆ. ಎಲ್ಲ ಅಮಾವಾಸ್ಯೆಗಳೂ ಕೂಡಿ ಒಂದೇ ಆಗಿಬಿಟ್ಟಿದ್ದವು. ಒಂದನ್ನು ಎಳೆದರೆ ಎಲ್ಲವೂ ಬರುತ್ತಿದ್ದವು. ಒಂದು ಸಲ ಮಾತ್ರ ಕೊಟ್ಟು, ಉಳಿದ ಸಲವೆಲ್ಲ ಕೊಟ್ಟೆನೆಂದು ತಿಳಿದಿದ್ದರೆ? ಛೇ, ಹುಚ್ಚು. ಎಟಿಎಮ್ಮಿನಿಂದ ಪ್ರತಿ ತಿಂಗಳು ಅಷ್ಟೇ ಹಣ ತೆಗೆದದ್ದು ಬ್ಯಾಂಕಿನವರ ಹತ್ತಿರ ಇದೆ. ಆದರೆ ಜಮಖಂಡಿಯ ವಕೀಲರು ಮೊನ್ನೆ ಕನ್ನಡಕ ಹಣೆಗೇರಿಸಿ, "ತಗದದ್ದು ಖರೆ ಆತು. ಕೊಟ್ಟದ್ದು ಹ್ಯಾಂಗ ಖರೆ ಮಾಡತೀರಿ? ಕೊಟ್ಟಾಗ ನೋಡಿದಾವ್ರು ಯಾರರೆ ಅದಾರೇನು? ಚೀಟಿ ಅಷ್ಟ ಅಲ್ರಿ, ಕೊಟ್ಟದ್ದರ ಸುತ್ತ ನಡದದ್ದೂ ಸಾಕ್ಷೀನ. ವಿಚಾರ ಮಾಡ್ರಿ," ಎಂದಿದ್ದರು. ಅವನು ವಿಚಾರ ಮಾಡಿದ್ದ. ಅಜಯ ಆ ಹೊತ್ತಿಗೆ ಎಂದೂ ಮನೆಯಲ್ಲಿರುತ್ತಿರಲಿಲ್ಲ; ನೋಡಿದವರೆಂದರೆ ಗಂಡ-ಹೆಂಡತಿ ಇಬ್ಬರೇ, ಅವರ ಮಗ್ಗ, ಅವರ ದೇವರು. ಎಲ್ಲ ಅವರ ಕಡೆಯವರೇ. ಪ್ರೀತಿಯ ಪರೀಕ್ಷೆ ಮುಂದಿದೆ, ಈ ಹೊತ್ತಿನಲ್ಲಿ ಊರಲ್ಲಿ ಇನ್ನೊಂದು ಮನೆ ಹುಡುಕಬೇಕು, ಡಿಪಾಜಿಟ್ಟು ಹೋಯಿತು, ಅದರ ಮೇಲೆ ಬಾಡಿಗೆ ಮುಳುಗಿಸಿದ ಕ್ಯಾಶಿಯರ್ ಎಂಬ ಹೆಸರು. ಆ ಹೆಸರು ಬಂದರೆ ಸಂಘದ ಕಿಟಕಿಯಲ್ಲಿ ಹೇಗೆ ಕೂಡುವುದು? ಅವನು ಡಬ್ಬಿಯ ಮುಚ್ಚಳ ಹಾಕಿದ.

ಸಂಜೆ ಕಟ್ಟೆಯ ಮೇಲೆ ಜಮಖಾನೆ ಹಾಸಿದ್ದರು. ಲಗಮಣ್ಣ ನಡುವೆ, ಒಂದು ಬದಿಗೆ ಅಜಯ, ಅವನ ಹಿಂದೆ ಕಂಬಕ್ಕೆ ಒರಗಿ ಹೊಳಬಸಪ್ಪ, ಸುತ್ತ ಓಣಿಯ ನಾಲ್ಕಾರು ಮಂದಿ. ಮಗ್ಗಗಳನ್ನು ಸ್ವಲ್ಪ ಹೊತ್ತು ನಿಲ್ಲಿಸಿದ್ದರು. ಸುವರ್ಣಾ ಬಂದು ಮೆಟ್ಟಿಲ ಕೆಳಗೆ, ಸೆರಗು ಹೊದ್ದು ನಿಂತಳು. ಕೂಡು ಎಂದರೂ ಕೂಡಲಿಲ್ಲ. ಹೊಳಬಸಪ್ಪ ತನ್ನ ಮುಖ ನೋಡಲೇ ಇಲ್ಲ ಎಂಬುದನ್ನು ಕಲ್ಮೇಶ ಗಮನಿಸಿದ. ಮುದುಕ ತಲೆ ತಗ್ಗಿಸಿ ಬೆರಳಿನ ಗೆಣ್ಣು ಒಂದೊಂದಾಗಿ ಮುರಿಯುತ್ತಿದ್ದ. ಎಷ್ಟು ತಾತ್ಸಾರ, ಎಂದುಕೊಂಡ ಕಲ್ಮೇಶ. ಅಪ್ಪನ ಗೆಳೆಯ, ಒಂದೇ ತಾಟಿನಲ್ಲಿ ಉಂಡವನು.

ಕಲ್ಮೇಶ ಹೇಳಬೇಕಾದದ್ದನ್ನು ಹೇಳಿದ. ತಿಂಗಳು ತಿಂಗಳು ಹಣ ತೆಗೆದದ್ದು, ಅಮಾವಾಸ್ಯೆಗೆ ತಾಟಿನಲ್ಲಿ ಇಟ್ಟದ್ದು. ಹೇಳುತ್ತ ಹೇಳುತ್ತ ತನ್ನ ದನಿ ತನಗೇ ಸುಳ್ಳುಗಾರನ ದನಿಯಂತೆ ಕೇಳಿಸಿತು. ಅಜಯ ಸಿಟ್ಟು ಮಾಡಲಿಲ್ಲ, ಅದೇ ಕಷ್ಟವಾಯಿತು. ಮೆತ್ತಗೆ ಕೇಳಿದ:

"ಕಲ್ಮೇಶಣ್ಣಾ, ನೀವ ಕ್ಯಾಶಿಯರ್ ಅದೀರಿ. ನೀವ ಹೇಳ್ರಿ. ಚೀಟಿ ಇಲ್ದ ಯಾವನರೆ ಬಂದು ರೊಕ್ಕ ಕಟ್ಟೀನಿ ಅಂದ್ರ, ನಿಮ್ಮ ಸಂಘದಾಗ ನಂಬತೀರೇನು?"

ಕಿಟಕಿಯ ಸರಳು, ಸೆರಗಿನಿಂದ ಒರೆಸಿಕೊಂಡ ಮುಖ. ಹೌದು ನಂಬುತ್ತೇವೆ ಎಂದು ಹೇಳಬಹುದಿತ್ತು. ಯಾರು ಹೋಗಿ ನೋಡುತ್ತಿದ್ದರು? ಕಲ್ಮೇಶ, "ಇಲ್ಲ. ನಂಬಂಗಿಲ್ಲ," ಅಂದ. ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಂಡದ್ದು ಗೊತ್ತಾಗುತ್ತಿತ್ತು, ಆದರೆ ಬೆಳಿಗ್ಗೆ ಆಡಿದ್ದನ್ನು ಸಂಜೆ ನುಂಗಲು ಬಾಯಿ ಒಪ್ಪಲಿಲ್ಲ. ಲಗಮಣ್ಣ ಗಂಟಲು ಸರಿಮಾಡಿಕೊಂಡ. ಮುಗಿಯಿತು ಎಂದು ಎಲ್ಲರಿಗೂ ಅನ್ನಿಸಿತು.

"ಲಗಮಣ್ಣ ಕಾಕಾರ," ಸುವರ್ಣಾ ಕೆಳಗಿನಿಂದ ಅಂದಳು, "ನಂದೊಂದ ಮಾತೈತ್ರಿ. ನಾವು ಬಾಡಗಿ ಕೊಟ್ಟಿಲ್ಲಂದ್ರ, ಪದ್ಮವ್ವ ಅತ್ತಿಯಾರು ಅಮಾಸಿಗೊಮ್ಮಿ ನಮಗ ಕಾಯಿ ಯಾಕ ಕೊಟ್ರು, ಕೇಳ್ರಿ."

ಕಲ್ಮೇಶನಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಪೇಪರಿನಲ್ಲಿ ಸುತ್ತಿ, ಕಂಕುಳಲ್ಲಿ ಮುಚ್ಚಿಟ್ಟು ತಂದದ್ದನ್ನು ಇವಳು ಹತ್ತು ಜನರ ಮುಂದೆ ಬಿಚ್ಚಿ ಇಡುತ್ತಿದ್ದಾಳೆ. "ಸುಮ್ನಿರ," ಎಂದು ಹಲ್ಲು ಕಚ್ಚಿ ಹೇಳಿದ. ಅಜಯನಿಗೆ ನಗು ಬಂತು.

"ಕಾಯಿ ಏನ ಪಾವತಿ ಆತೇನ್ರಿ ವೈನಿ?"

"ನನಗ ನಿಮ್ಮ ಪಾವತಿ ತಿಳಿಯಂಗಿಲ್ಲಪಾ. ಹ್ವಾದ ವರ್ಷ ನಾ ದವಾಖಾನ್ಯಾಗ ಇದ್ದಾಗ ಬಾಡಗಿ ತಡಾ ಆತು. ಆ ಅಮಾಸಿಗೆ ಕಾಯಿ ಬರಲಿಲ್ಲ. ರೊಕ್ಕ ಮುಟ್ಟಿದ ಮ್ಯಾಲ ಬಂತು, ಅರ್ಧಾ ಒಣಗಿ. ನಮ್ಮ ಸಲುವಾಗಿ ದೇವರ ಜಗಲಿ ಮ್ಯಾಲ ಎತ್ತಿ ಇಟ್ಟಿದ್ರು ಅತ್ತಿಯಾರು. ಇಷ್ಟ ನನಗ ತಿಳಿದದ್ದು."

ಯಾರೋ ನಕ್ಕರು. ಲಗಮಣ್ಣ ನಗಲಿಲ್ಲ. ಆ ಮನೆಯ ಕಾಯಿ ಯಾರ ಕೈಗೆ ಹೋಗುತ್ತದೆ, ಯಾರ ಕೈಗೆ ಹೋಗುವುದಿಲ್ಲ ಎಂಬುದು ಓಣಿಯಲ್ಲಿ ಹುಟ್ಟಿ ಬೆಳೆದವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಕಲ್ಮೇಶ ಥಟ್ಟನೆ ತಲೆಯೆತ್ತಿದ. ಕೊಟ್ಟದ್ದರ ಸುತ್ತ ನಡೆದದ್ದು ಎಂದು ವಕೀಲರು ಹೇಳಿದ್ದರಲ್ಲ. ಅದು ತಿಂಗಳು ತಿಂಗಳು ತನ್ನ ಕೈಯಲ್ಲೇ ಇತ್ತು, ತಾನು ನಾಚಿಕೊಂಡು ಮುಚ್ಚಿ ಮುಚ್ಚಿ ತಂದಿದ್ದ.

"ಪದ್ಮವ್ವನ್ನ ಕರೀರಿ," ಅಂದ ಲಗಮಣ್ಣ.

"ಆಕಿನ್ನ ಯಾಕ ಕರೀತೀರಿ," ಅಂದ ಹೊಳಬಸಪ್ಪ. ಅದು ಅವನು ಆಡಿದ ಮೊದಲ ಮಾತು, ದನಿ ತೆಳ್ಳಗಾಗಿತ್ತು. "ಹೆಣ್ಮಕ್ಕಳಿಗೆ ವ್ಯವಹಾರ ಏನ್ ತಿಳೀತೈತಿ."

ಕರೆಯಬೇಕಾಗಿರಲಿಲ್ಲ. ಪದ್ಮವ್ವ ಬಾಗಿಲಲ್ಲೇ ನಿಂತಿದ್ದಳು, ಬೆರಳಿಗೆ ಬತ್ತಿಯ ಎಣ್ಣೆ ಅಂಟಿತ್ತು. ಈಗಷ್ಟೇ ದೀಪ ಹಚ್ಚಿ ಬಂದಿದ್ದಳು.

"ತಂಗೀ," ಅಂದ ಲಗಮಣ್ಣ, "ರೊಕ್ಕದ ಮಾತು ನಿನ್ನ ಕೇಳಂಗಿಲ್ಲ. ಕಾಯಿ ಮಾತಷ್ಟ. ಈ ಎರಡ ವರ್ಷ ಇವ್ರಿಗೆ ಕಾಯಿ ಕೊಟ್ಟಿಯೋ ಇಲ್ಲೋ?"

ಅವಳು ಗಂಡನನ್ನು ನೋಡಿದಳು. ಆಮೇಲೆ ತಿರುಗಿ ಒಳಗೆ ದೀಪದ ಕಡೆ ನೋಡಿದಳು.

"ಕೊಟ್ಟೀನ್ರಿ," ಅಂದಳು. "ಒಂದ ಅಮಾಸಿದೂ ಉಳಿಸಿಕೊಂಡಿಲ್ಲ. ದವಾಖಾನಿ ತಿಂಗಳದ್ದೂ ಕೊಟ್ಟೀನಿ, ಸುವರ್ಣಾ ಹೇಳಿದ್ದು ಖರೆ. ತಾಟಿನ್ಯಾಗ ರೊಕ್ಕ ಇಡದವ್ರಿಗೆ ಮಗ್ಗದ ಕಾಯಿ ಕೊಡೂ ಪದ್ಧತಿ ನಮ್ಮತ್ತಿ ಕಾಲದಿಂದ ಇಲ್ಲ. ನನ್ನ ಸ್ವಂತ ತಮ್ಮ ಬಂದಾಗೂ ಕೊಟ್ಟಿಲ್ಲ. ಉಳದ ಅರ್ಧದ ಚಟ್ನಿ ನೀನೂ ತಿಂದೀಯಲ್ಲೋ ಅಜ್ಯಾ." ಸೆರಗು ಸರಿಮಾಡಿಕೊಂಡಳು. "ರೊಕ್ಕದ ಮಾತಿಗೆ ನಡುವ ಬರಬ್ಯಾಡ ಅಂದಿದ್ರು ಇವ್ರು. ಬಂದಿಲ್ಲ. ಕಾಯಿದು ಕೇಳಿದ್ರಿ, ದೇವರದು, ಅದಕ್ಕ ಹೇಳಿದೆ."

ಅಜಯನ ನಗು ಎಲ್ಲೋ ಹೋಗಿತ್ತು. ಅವನು ಮೆಲ್ಲಗೆ ಹಿಂದಕ್ಕೆ ತಿರುಗಿದ.

"ಅಪ್ಪಾ. ಹಂಗಾರ ರೊಕ್ಕ ಎಲ್ಲಿ ಹೋತು?"

ಹೊಳಬಸಪ್ಪ ಇನ್ನೊಂದು ಗೆಣ್ಣು ಮುರಿಯಲು ನೋಡಿದ, ಮುರಿಯಲು ಉಳಿದಿರಲಿಲ್ಲ. "ಮುಧೋಳಕ್ಕ," ಅಂದ. ಅಲ್ಲಿ ಅವನ ಮಗಳು ಕಾಂಚನಾ ಇದ್ದಳು. ಆಸ್ತಿಯಲ್ಲಿ ಪಾಲು ಕೇಳಿದಳೆಂದು ಅಜಯ ಅಕ್ಕನ ಹೊಸ್ತಿಲು ತುಳಿಯುವುದನ್ನೇ ಬಿಟ್ಟಿದ್ದ. "ಆಕೀ ಗಂಡನ ಅಂಗಡಿ ಮುಚ್ಚಿ ಎರಡ ವರ್ಷಾತು. ಮಕ್ಕಳು ಉಣ್ಣಬೇಕಲ್ಲೋ. ನಿನ್ನ ಕೇಳಿದ್ರ ಕೊಡತಿದ್ದೇನು? ಬಾಡಗಿ ಎಲ್ಲಿ ಅಂತ ನೀ ಕೇಳ್ದಿ, ಬಂದಿಲ್ಲ ಅಂದೆ. ಒಮ್ಮಿ ಅಂದ ಮ್ಯಾಲ ಹಿಂದ ತಗೊಳ್ಳಾಕ ಬರಲಿಲ್ಲ."

ಗೆದ್ದೆ ಎಂದು ಕುಣಿಯಬೇಕಾದ ಮನಸ್ಸು ಕುಣಿಯಲಿಲ್ಲ. ತಲೆ ತಗ್ಗಿಸಿ ಕೂತದ್ದು ತಾತ್ಸಾರಕ್ಕಲ್ಲ ಎಂಬುದು ಕಲ್ಮೇಶನಿಗೆ ಈಗ ಕಾಣುತ್ತಿತ್ತು. ಆದರೂ ಎದೆಯೊಳಗೆ ಎಂಟು ದಿನದಿಂದ ಕುದಿಯುತ್ತಿದ್ದುದು ಅಲ್ಲೇ ಇತ್ತು, ಅದು ಕೇಳದೆ ಬಿಡುವಂಥದ್ದಲ್ಲ.

"ಕಾಕಾರ, ಅದನ್ನ ನನ್ನ ತಲಿ ಮ್ಯಾಲ ಯಾಕ ಹಾಕಿದ್ರಿ?"

ಮುದುಕ ಆಗ ಅವನ ಮುಖ ನೋಡಿದ. "ನೀ ಸುಮ್ನಿರ್ತಿ ಅಂತ ಗೊತ್ತಿತ್ತು. ಮೊದಲನೇ ತಿಂಗಳದಾಗ ಪಾವತಿ ಕೇಳಿ, ನಾ ನಕ್ಕದ್ದಕ್ಕ ಸುಮ್ನಾದಾವ ನೀ. ತಪ್ಪಾತಪಾ."

ಕಲ್ಮೇಶನಿಗೆ ಕೆನ್ನೆಗೆ ಹೊಡೆದ ಹಾಗಾಯಿತು, ಹೊಡೆತದ ಹಿಂದೆಯೇ ಎಚ್ಚರವೂ ಬಂದ ಹಾಗಾಯಿತು. ಇಷ್ಟು ವರ್ಷ ತಾನು ಸಂಭಾವಿತತನ ಎಂದುಕೊಂಡದ್ದಕ್ಕೆ ಊರಿನಲ್ಲಿ ಬೇರೆ ಹೆಸರಿತ್ತು. "ಇನ್ನ ಮ್ಯಾಲ ಸುಮ್ನಿರಂಗಿಲ್ರಿ," ಅಂದ. ದನಿ ಅವನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಬಾಡಗಿ ತಾಟಿನ್ಯಾಗ ಇಡತೀನಿ. ಪಾವತಿ ನನ್ನ ಕೈಯಾಗ ಇಡಬೇಕು. ಮತ್ತ ಮಗಳ ಪರೀಕ್ಷಿ ಮುಗಿಯೂತನ ಮನಿ ಬಿಡೂ ಮಾತ ಎತ್ತಬಾರದು."

"ಮನಿ ಬಿಡೂ ಮಾತ ಇಲ್ಲಣ್ಣಾ," ಅಂದ ಅಜಯ. ಅಣ್ಣಾ ಅನ್ನುವಾಗ ಅವನ ಕಣ್ಣು ನೆಲದ ಮೇಲಿತ್ತು. "ಪಾವತಿ ನಾ ಬರದ ಕೊಡತೀನಿ, ಹಿಂದಿಂದೂ ಸೇರಿಸಿ." ಆಮೇಲೆ ಅಪ್ಪನ ಕಡೆ ತಿರುಗಿ, "ರವಿವಾರ ಮುಧೋಳಕ್ಕ ಹೋಗಿ ಬರೂಣ ನಡಿ," ಅಂದ. ಪದ್ಮವ್ವ ಒಳಗೆ ಹೋದಳು. ಹೋಗಿ ಅತ್ತಳೋ, ಒಲೆಯ ಮುಂದೆ ಕೂತಳೋ, ಕಟ್ಟೆಯ ಮೇಲಿದ್ದವರಿಗೆ ಗೊತ್ತಾಗಲಿಲ್ಲ.

ಮರುದಿನ ಮುತ್ತವ್ವ ಕಿಟಕಿಗೆ ಬಂದಾಗ ಕಲ್ಮೇಶ ಅವಳನ್ನು ಒಳಗೆ ಕರೆದು ಬೆಂಚಿನ ಮೇಲೆ ಕೂಡಿಸಿದ. ಪಾವತಿ ಎಲ್ಲಿ ಎಂದು ಕೇಳಲಿಲ್ಲ. "ಮಳಿ ಬಂದಿತ್ತಂದ್ಯಲ್ಲವ್ವಾ, ಅವತ್ತ ಮತ್ತ ಏನೇನಾತು, ಸಾವಕಾಶ ಹೇಳು," ಅಂದ. ಅವಳು ಹೇಳಿದಳು: ಛತ್ರಿ, ಬೈಗುಳ, ಹಿಂದಿನ ದಿನ ನಾಗಪಂಚಮಿ ಆಗಿತ್ತು, ಉಳಿದ ಅಳ್ಳಿಟ್ಟಿನ ಉಂಡಿ ಅವನಿಗೂ ಒಂದು ಕೊಟ್ಟಿದ್ದಳು. ಉಂಡಿ ಎಂದೊಡನೆ ಕಲ್ಮೇಶನಿಗೆ ಛತ್ರಿಯೂ ನೆನಪಾಯಿತು, ಬೈದದ್ದೂ ನೆನಪಾಯಿತು. ಆ ವಾರದ ಕಾಗದಗಳ ಗಂಟು ಇಳಿಸಿ ಕೂತ. ಊಟದ ಹೊತ್ತಿಗೆ ಸಿಕ್ಕಿತು; ಅದೇ ಹೆಸರಿನ ಇನ್ನೊಬ್ಬ ಮುದುಕಿಯ ಖಾತೆಗೆ ತನ್ನ ಕೈಯಾರೆ ಜಮಾ ಮಾಡಿದ್ದ. ಅವನು ಎದ್ದು ನಿಂತು ಅವಳ ಮುಂದೆ ತಪ್ಪಾಯಿತು ಎಂದ. ಹಿಂದಿನ ದಿನ ಕೇಳಿಸಿಕೊಂಡ ಮಾತೇ ಆದ್ದರಿಂದ ಹೇಳುವುದು ಅಷ್ಟು ಕಷ್ಟವಾಗಲಿಲ್ಲ.

ಅಮಾವಾಸ್ಯೆ ಬಂತು. ಬೆಳಿಗ್ಗೆ ಎದ್ದಾಗ ಗೋಡೆಯಾಚೆ ಸದ್ದಿರಲಿಲ್ಲ, ಊರಿಗೆ ಊರೇ ಉಸಿರು ಬಿಟ್ಟು ಕೂತಂತಿತ್ತು. ಕಲ್ಮೇಶ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಹೋದ. ತಾಟಿನಲ್ಲಿ ಬಾಡಿಗೆ ಇಟ್ಟ. ಅಜಯ ಪಾವತಿ ಬರೆದ, ಹೊಳಬಸಪ್ಪ ಸಹಿ ಮಾಡಿದ. ಸಹಿ ಗೆರೆ ಬಿಟ್ಟು ಕೆಳಗಿಳಿಯಿತು. ಕಲ್ಮೇಶ ಅದನ್ನು ಅಲ್ಲೇ ನಿಂತು ಪೂರ್ತಿ ಓದಿದ, ಯಾರೂ ನಗಲಿಲ್ಲ. ಮಡಚಿ ಕಿಸೆಗೆ ಹಾಕಿಕೊಂಡು ಹೊರಡಲು ತಿರುಗಿದ. ಪಾವತಿ ಸಿಕ್ಕ ಮೇಲೆ ಇನ್ನೇನು ಎಂದು ಅವನು ಅಂದುಕೊಂಡಿದ್ದ.

"ನಿಂದ್ರಪಾ," ಅಂದಳು ಪದ್ಮವ್ವ. ತಾಟು ಹಿಡಿದು ಬಂದಿದ್ದಳು. ಕಾಯಿ ಆಗಷ್ಟೇ ಒಡೆದದ್ದು, ಒಳಗಿನ ಬಿಳುಪಿನ ಮೇಲೆ ನೀರು ಇನ್ನೂ ಆರಿರಲಿಲ್ಲ. ಅವನು ಎರಡೂ ಕೈ ಚಾಚಿ ತೆಗೆದುಕೊಂಡ.

ಬಾಗಿಲು ದಾಟಿದ ಮೇಲೆ ಅಭ್ಯಾಸದಂತೆ ಕೈ ಪ್ಯಾಂಟಿನ ಕಿಸೆಗೆ ಹೋಯಿತು. ಪೇಪರಿನ ಹಾಳೆ ಅಲ್ಲೇ ಇತ್ತು. ಅವನು ಅದನ್ನು ತೆಗೆಯಲಿಲ್ಲ. ಹೋಳನ್ನು ಅಂಗೈಯಲ್ಲಿ ಹಾಗೇ ಬಿಚ್ಚಿ ಹಿಡಿದುಕೊಂಡು ಓಣಿಯ ನಡುವೆ ನಡೆದ. ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಲಗಮಣ್ಣ ಕೂತಿದ್ದ.

"ಏನೋ ಕಲ್ಮೇಶಾ, ಬಾಡಗಿ ಕೊಟ್ಟ ಬಂದ್ಯೇನು?"

"ಹೂನ್ರಿ," ಅಂದ ಕಲ್ಮೇಶ, ಓಣಿಯೆಲ್ಲ ಕೇಳುವಂತೆ, "ಕೊಟ್ಟ ಬಂದೆ."

ಮನೆಗೆ ಬಂದು ಕಾಯಿಯನ್ನು ಸುವರ್ಣಾಳ ಕೈಗೆ ಕೊಟ್ಟ. ಇವತ್ತು ರೊಟ್ಟಿಗೆ ತನಗೂ ಚಟ್ನಿ ಬೇಕು ಎಂದ.